ಮರಿಗಳಿಂದ ದೂರ ಕೂರುವ ತಾಯಿ

ಹೆಣ್ಣು ಮೊಲ ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಗೂಡಿನ ಮೂಲೆಗೆ ಓಡಾಡತೊಡಗಿದರೆ ದಿನ ಸಮೀಪಿಸಿದೆ ಎಂದು ತಿಳಿಯಬೇಕು. ಬಳಿಕ ಅದು ತನ್ನ ಹೊಟ್ಟೆಯ ಮತ್ತು ಗದ್ದದ ಕೆಳಗಿನ ತುಪ್ಪಳವನ್ನು ತಾನೇ ಕಿತ್ತು ಹುಲ್ಲಿನ ಮೇಲೆ ಹಾಸುತ್ತದೆ. ಬೆಳಗಾಗುವಷ್ಟರಲ್ಲಿ ಆ ತುಪ್ಪಳದ ಗುಡ್ಡೆ ಮೆಲ್ಲಗೆ ಏರಿ ಇಳಿಯುತ್ತಿರುತ್ತದೆ. ಒಳಗೆ ಐದಾರು ಮರಿ. ತಾಯಿ ಮಾತ್ರ ಇನ್ನೊಂದು ತುದಿಯಲ್ಲಿ ಕೂತು ಮೇಯುತ್ತಿರುತ್ತದೆ. ಮಧ್ಯಾಹ್ನವಾದರೂ ಮರಿಗಳ ಹತ್ತಿರ ಸುಳಿಯುವುದಿಲ್ಲ. ಮೊದಲ ಸಲ ಮೊಲ ಸಾಕಿದ ಮನೆಯಲ್ಲಿ ಗಾಬರಿ ಶುರುವಾಗುವುದು ಆಗಲೇ. ತಾಯಿ ಮರಿ ಬಿಟ್ಟಿತೆಂದು ಯಾರೋ ಹೇಳುತ್ತಾರೆ, ಇನ್ನಾರೋ ಆಕಳ ಹಾಲಲ್ಲಿ ಹತ್ತಿ ಅದ್ದಿ ತರುತ್ತಾರೆ. ಹಾಲು ಶ್ವಾಸನಾಳಕ್ಕೆ ಇಳಿದು ಮರಿ ಸಾಯುತ್ತದೆ. ತಾಯಿ ಮರಿಗಳನ್ನು ಬಿಟ್ಟೇ ಇರಲಿಲ್ಲ.

ಈ ತಪ್ಪು ತಿಳಿವಳಿಕೆಗೆ ಒಂದು ಹೆಸರೂ ಕಾರಣ. ಬೆಳಗಾವಿ ಜಿಲ್ಲೆಯ ಮಮದಾಪುರದ ಸುತ್ತಲಿನ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಮೊಲ ಎಂದರೆ ಹೊಲದ ಬದುವಿನಿಂದ ಚಂಗನೆ ಹಾರಿ ಓಡುವ ಕಾಡುಮೊಲ. ಮನೆಯಲ್ಲಿ ಸಾಕುವುದನ್ನೂ ಮೊಲವೆಂದೇ ಕರೆಯುತ್ತೇವೆ. ಆದರೆ ಅವೆರಡೂ ಬೇರೆ ಬೇರೆ ಪ್ರಾಣಿಗಳು. ಕಾಡುಮೊಲ ಬಿಲ ತೋಡುವುದಿಲ್ಲ. ಬಯಲಲ್ಲೇ ಹುಟ್ಟುವ ಅದರ ಮರಿಗೆ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. (1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ.) ಸಾಕುಮೊಲದ ಪೂರ್ವಜರು ಸ್ಪೇನ್, ಪೋರ್ಚುಗಲ್ ಕಡೆಯ ಬಿಲವಾಸಿಗಳು. ಅವುಗಳ ಮರಿ ಹುಟ್ಟುವುದು ಬರಿಮೈಯಲ್ಲಿ, ಮುಚ್ಚಿದ ಕಣ್ಣಲ್ಲಿ.

ಅಲ್ಲಿನ ಕಾಡಿನಲ್ಲಿ ತಾಯಿ ಹೆರಿಗೆಗೆಂದೇ ಬಿಲ ತೋಡಿ, ಹಾಲು ಕುಡಿಸಿದ ಮೇಲೆ ಬಾಗಿಲಿಗೆ ಮಣ್ಣು ತಳ್ಳಿ ಮುಚ್ಚಿ ಹೊರಟುಬಿಡುತ್ತದೆ. ಪದೇ ಪದೇ ಬಂದು ಹೋದರೆ ಅದರ ವಾಸನೆ ಹಿಡಿದು ನರಿ ಬರುತ್ತದೆ. ದೂರ ಉಳಿಯುವುದೇ ಕಾವಲು. ಸಾಕುಮೊಲ ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ ಮೊಲೆಯೂಡುತ್ತದೆ ಎಂಬುದನ್ನು 1965ರಲ್ಲೇ ವಿಜ್ಞಾನಿಗಳು ದಾಖಲಿಸಿದರು. ಅದೂ ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ, ಮೂರ್ನಾಲ್ಕು ನಿಮಿಷ ಮಾತ್ರ. ಆಕಳ ಹಾಲಿನ ಸುಮಾರು ಮೂರು ಪಟ್ಟು ಕೊಬ್ಬು, ಮೂರು ಪಟ್ಟು ಪ್ರೋಟೀನು ಇರುವ ಹಾಲಾದ್ದರಿಂದ ಅಷ್ಟು ಸಾಕು. ಕಣ್ಣು ಕಾಣದ ಮರಿಗಳು ಆ ಮೂರು ನಿಮಿಷದಲ್ಲಿ ಮೊಲೆ ಹುಡುಕುವುದು ಹೇಗೆ? ಹಾಲಿನಿಂದ ಹೊಮ್ಮುವ ಒಂದು ವಾಸನೆಯ ಅಣು ಅವುಗಳ ಬಾಯನ್ನು ಸೆಳೆಯುತ್ತದೆ. ಫ್ರಾನ್ಸಿನ ಬೆನುವಾ ಶಾಲ್ ಮತ್ತು ಸಂಗಡಿಗರು 2003ರಲ್ಲಿ ಅದನ್ನು ಗುರುತಿಸಿದರು. ನನಗೆ ಇದು ಇಡೀ ಪ್ರಾಣಿಲೋಕದ ಅತ್ಯಂತ ಸೊಗಸಾದ ಏರ್ಪಾಡುಗಳಲ್ಲಿ ಒಂದು ಅನ್ನಿಸುತ್ತದೆ.

ಗಬ್ಬದ ಲೆಕ್ಕ ಸುಲಭ. ಹೆಣ್ಣು ಮೊಲಕ್ಕೆ ಆಕಳಂತೆ ಬೆದೆಯ ಸರದಿಯಿಲ್ಲ. ಗಂಡಿನೊಡನೆ ಕೂಡಿದ ಸುಮಾರು 10 ತಾಸಿಗೆ ಅಂಡ ಬಿಡುಗಡೆಯಾಗುತ್ತದೆ, ಅಲ್ಲಿಂದ 30-32 ದಿನಕ್ಕೆ ಮರಿ. ಕೂಡಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ಹದಿನಾರು ಹದಿನೇಳನೆಯ ದಿನಕ್ಕೇ ತುಪ್ಪಳ ಕಿತ್ತರೆ ಅದು ಸುಳ್ಳು ಗಬ್ಬ, ಹೆದರಬೇಕಿಲ್ಲ. ಇಪ್ಪತ್ತೆಂಟನೆಯ ದಿನ ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಮರದ ಪೆಟ್ಟಿಗೆ ಇಡಿ. ಮರಿ ಉರುಳಿ ಹೊರಗೆ ಬೀಳದಷ್ಟು ಅಂಚು ಇರಲಿ. ತಾಯಿ ಮೊಲ ಬೆಕ್ಕಿನಂತೆ ಮರಿಯನ್ನು ಬಾಯಲ್ಲಿ ಎತ್ತಿ ತರುವುದಿಲ್ಲ, ಹೊರಗೆ ಬಿದ್ದದ್ದು ಚಳಿಗೆ ಸಾಯುತ್ತದೆ.

ಹಾಸಲು ಮೆತ್ತಗಿನ ಒಣಹುಲ್ಲು ಬೇಕು. ಕಬ್ಬಿನ ರವದಿಯ ಅಂಚು ಎಳೆಯ ಚರ್ಮ ಕೊಯ್ಯುತ್ತದೆ. ಗೋಕಾಕ ಜಲಪಾತದ ಪಕ್ಕದ ಗಿರಣಿ ಹತ್ತೊಂಬತ್ತನೆಯ ಶತಮಾನದಿಂದ ನೂಲು ತೆಗೆದ ನಾಡಿದು, ಹತ್ತಿಯೂ ನೂಲೂ ಕೈಗೆ ಸುಲಭ. ಆದರೆ ಅವನ್ನು ಗೂಡಿಗೆ ಹಾಕಬೇಡಿ. ಎಳೆ ಮರಿಯ ಕಾಲಿಗೆ ಸುತ್ತಿಕೊಂಡು ರಕ್ತ ಓಡದಂತೆ ಬಿಗಿಯುತ್ತದೆ. ಮೇವಿಗೆ ಒಣಹುಲ್ಲಿನ ಜೊತೆ ಕುದುರೆ ಮೆಂತ್ಯದ ಸೊಪ್ಪು ಕೊಡಬಹುದು, ಗಬ್ಬದ ಮೊಲಕ್ಕೆ ಅದರ ಸುಣ್ಣಾಂಶ, ಪ್ರೋಟೀನು ಒದಗುತ್ತದೆ. ಎಳೆ ಜೋಳದ ಹಸಿ ಬೆಳೆ ದನಕ್ಕೆ ವಿಷವೆಂದು ಇಲ್ಲಿನ ಒಕ್ಕಲಿಗರಿಗೆ ಗೊತ್ತು. ಮೊಲಕ್ಕೂ ಅದು ವಿಷವೇ. ಗಬ್ಬದ ಕೊನೆಯ ವಾರದಲ್ಲಿ ಮೊಲ ಮೇವು ಬಿಟ್ಟರೆ ಒಂದು ದಿನವೂ ಕಾಯದೆ ಪಶುವೈದ್ಯರ ಬಳಿ ಒಯ್ಯಿರಿ.

ನಿಜವಾದ ಶತ್ರು ಬಿಸಿಲು. ತಮಿಳುನಾಡಿನ ಮನ್ನವನೂರಿನ ಮೊಲ ಸಾಕಣೆ ಕೇಂದ್ರ ಕೊಡೈಕೆನಾಲಿನ ಬೆಟ್ಟದ ತಂಪಿನಲ್ಲಿರುವುದು ಸುಮ್ಮನೆ ಅಲ್ಲ. ಮೊಲಕ್ಕೆ ಬೆವರಿಲ್ಲ, ಒಳಗಿನ ಶಾಖ ಹೊರಹೋಗುವುದು ಮುಖ್ಯವಾಗಿ ಕಿವಿಯಿಂದ. 30 ಡಿಗ್ರಿ ದಾಟಿದರೆ ಅದು ಏದುಸಿರು ಬಿಡುತ್ತದೆ. ಚೈತ್ರ ವೈಶಾಖದ ಗೋಕಾಕ ಸೀಮೆಯಲ್ಲಿ, ತಗಡಿನ ಕೆಳಗೆ, ತುಂಬುಗಬ್ಬದ ಮೊಲ ಒಂದೇ ಮಧ್ಯಾಹ್ನದಲ್ಲಿ ಸಾಯಬಹುದು. ಆ ತಿಂಗಳುಗಳಲ್ಲಿ ಕೂಡಿಸದಿರುವುದೇ ಒಳ್ಳೆಯದು. ಆಗಲೇ ಗಬ್ಬವಾಗಿದ್ದರೆ ಬೇವಿನ ನೆರಳು, ಪಂಜರದ ಮೇಲೆ ಒದ್ದೆ ಗೋಣಿತಾಟು, ಎಂದೂ ಬತ್ತದ ನೀರು ಇರಲಿ.

ಮರಿ ಹಾಕಿದ ದಿನ ತಾಯಿಗೆ ಸೊಪ್ಪು ಕೊಟ್ಟು, ಕೈಗೆ ಅದರ ಹಾಸಿಗೆ ಉಜ್ಜಿಕೊಂಡು, ಸತ್ತ ಮರಿಯಿದ್ದರೆ ತೆಗೆಯಿರಿ. ಆಮೇಲೆ ದಿನಕ್ಕೊಮ್ಮೆ ಹೊಟ್ಟೆ ನೋಡಿದರೆ ಸಾಕು. ಉಂಡ ಮರಿಯ ಹೊಟ್ಟೆ ಬಿಗಿದ ಚೆಂಡಿನಂತೆ, ತೆಳು ಚರ್ಮದಡಿ ಬೆಳ್ಳಗೆ ಹಾಲು ಕಾಣುವಂತೆ ಇರುತ್ತದೆ. ಚರ್ಮ ಸುಕ್ಕುಗಟ್ಟಿ, ಮರಿ ತಣ್ಣಗಾಗಿದ್ದರೆ ಮಾತ್ರ ನೀವು ನಡುವೆ ಬರಬೇಕು. ಮರಿಯನ್ನು ಮೊದಲು ಬೆಚ್ಚಗೆ ಮಾಡಿ, ತಾಯಿಯನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿ ಕೂರಿಸಿ. ಹತ್ತನೆಯ ದಿನದ ಹೊತ್ತಿಗೆ ಕಣ್ಣು ಬಿಟ್ಟು, ಮೂರನೆಯ ವಾರ ಅವು ತಾವೇ ಹೊರಗೆ ಬರುತ್ತವೆ.

ಇನ್ನೊಂದು ಮಾತು ಉಳಿದಿದೆ. ಹೆಣ್ಣು ಮೊಲ ಮರಿ ಹಾಕಿದ ದಿನವೇ ಮತ್ತೆ ಗಬ್ಬ ಕಟ್ಟಬಲ್ಲದು. ಹೆರಿಗೆಗೆ ಮೊದಲೇ ಗಂಡನ್ನು ಬೇರೆ ಪಂಜರಕ್ಕೆ ಹಾಕಿಬಿಡಿ.