ಲಾಭವೇನೋ ಇದೆ, ಗಲ್ಲಾಪೆಟ್ಟಿಗೆಯಲ್ಲಿ ದುಡ್ಡಿದೆಯೇ?

ಷೇರು ಕೊಳ್ಳುವ ಮುನ್ನ ನಾವೆಲ್ಲ ನೋಡುವುದು ಕಂಪನಿಯ ಲಾಭ. ಆದರೆ ಸಂಬಳ, ಸಾಲದ ಕಂತು, ಸರಕಿನ ಬಾಕಿ ಕೊಡಲು ಕಾಗದದ ಮೇಲಿನ ಲಾಭ ಸಾಲದು, ನಗದು ಬೇಕು. ಬರುವ ಹನ್ನೆರಡು ತಿಂಗಳಲ್ಲಿ ಕೊಡಬೇಕಾದ್ದನ್ನು ಕೊಡುವ ಶಕ್ತಿ ಇದೆಯೇ ಎಂದು ಅಳೆಯುವ ಲೆಕ್ಕವೇ ಲಿಕ್ವಿಡಿಟಿ ರೇಶಿಯೊ, ಅಂದರೆ ದ್ರವ್ಯತೆ ಅನುಪಾತ.

ಒಂದು ಸೀರೆ ಅಂಗಡಿ ಇದೆ ಎಂದುಕೊಳ್ಳಿ. ನಗದು 2 ಲಕ್ಷ, ಗಿರಾಕಿಗಳಿಂದ ಬರಬೇಕಾದ ಉದ್ರಿ 6 ಲಕ್ಷ, ಸೀರೆ ದಾಸ್ತಾನು 12 ಲಕ್ಷ. ಒಟ್ಟು 20 ಲಕ್ಷ. ಇದು ಚಾಲ್ತಿ ಆಸ್ತಿ. ನೇಕಾರರಿಗೂ ಬ್ಯಾಂಕಿಗೂ ವರ್ಷದೊಳಗೆ ಕೊಡಬೇಕಾದ್ದು 10 ಲಕ್ಷ. ಇದು ಚಾಲ್ತಿ ಹೊಣೆ.

ಈಗ ಮೂರು ಭಾಗಾಕಾರ ಮಾಡಿ. 20ನ್ನು 10ರಿಂದ ಭಾಗಿಸಿದರೆ 2. ಇದು ಕರೆಂಟ್ ರೇಶಿಯೊ, ಚಾಲ್ತಿ ಅನುಪಾತ. ದಾಸ್ತಾನು ಬಿಟ್ಟರೆ ಉಳಿಯುವ 8ನ್ನು ಭಾಗಿಸಿದರೆ 0.8. ಇದು ಕ್ವಿಕ್ ರೇಶಿಯೊ, ಶೀಘ್ರ ಅನುಪಾತ. ಬರೀ ನಗದನ್ನು ಭಾಗಿಸಿದರೆ 0.2. ಇದು ಕ್ಯಾಶ್ ರೇಶಿಯೊ.

ಎಷ್ಟಿದ್ದರೆ ಒಳ್ಳೆಯದು? ಚಾಲ್ತಿ ಅನುಪಾತ 2, ಶೀಘ್ರ ಅನುಪಾತ 1 ಎಂಬುದು ಪಠ್ಯಪುಸ್ತಕದ ಮಾತು. ನಮ್ಮ ಬ್ಯಾಂಕುಗಳು ದುಡಿಯುವ ಬಂಡವಾಳದ ಸಾಲಕ್ಕೆ ಬಹುಕಾಲ ನೋಡಿದ್ದು 1.33. ಬ್ಯಾಂಕ್ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ ನೇಮಿಸಿದ್ದ ಟಂಡನ್ ಸಮಿತಿಯ ಕಾಲದಿಂದ ಬಂದ ಅಳತೆಯಿದು. ಆದರೆ ಗಿರಾಕಿಯಿಂದ ಇವತ್ತೇ ನಗದು ಪಡೆದು, ಸರಕು ಕೊಟ್ಟವರಿಗೆ ತಿಂಗಳು ಬಿಟ್ಟು ಕೊಡುವ ವ್ಯಾಪಾರ 1ಕ್ಕಿಂತ ಕಡಿಮೆಯಲ್ಲೂ ಸಲೀಸಾಗಿ ನಡೆಯುತ್ತದೆ. ಹಾಗಾಗಿ ಅದೇ ಉದ್ಯಮದ ಬೇರೆ ಕಂಪನಿಯ ಜೊತೆ, ಅದೇ ಕಂಪನಿಯ ಹಿಂದಿನ ವರ್ಷಗಳ ಜೊತೆ ಹೋಲಿಸಿ. ಬ್ಯಾಂಕುಗಳಿಗೆ ಮಾತ್ರ ಈ ಲೆಕ್ಕ ಹೊಂದದು. ಅವುಗಳಿಗೆ ಲಿಕ್ವಿಡಿಟಿ ಕವರೇಜ್ ರೇಶಿಯೊ ಎಂಬ ಬೇರೆ ಅಳತೆಯಿದೆ.

ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ? ಅಲ್ಲ. ಆ 12 ಲಕ್ಷ ಕಳೆದ ದೀಪಾವಳಿಯಲ್ಲಿ ಮಾರದೆ ಉಳಿದ ಸೀರೆಗಳಾಗಿದ್ದರೆ? ಉದ್ರಿಯಲ್ಲಿ ಅರ್ಧ ವಸೂಲಾಗದ್ದಾದರೆ? ಅನುಪಾತ 2 ಎಂದೇ ತೋರಿಸುತ್ತದೆ, ಅಂಗಡಿಯವನಿಗೆ ನಿದ್ದೆ ಬರುವುದಿಲ್ಲ.

ಇನ್ನೊಂದು ಕೈಚಳಕವೂ ಉಂಟು. ಲೆಕ್ಕದ ವರ್ಷ ಮುಗಿಯುವ ಮುನ್ನಾದಿನ, ಮಾರ್ಚ್ 30ರಂದು, ಆತ ಇದ್ದ 2 ಲಕ್ಷವನ್ನೂ ನೇಕಾರರಿಗೆ ಕೊಟ್ಟುಬಿಟ್ಟ ಎನ್ನಿ. ಆಸ್ತಿ 18, ಹೊಣೆ 8. ಚಾಲ್ತಿ ಅನುಪಾತ 2.25ಕ್ಕೆ ಏರಿತು! ಗಲ್ಲಾಪೆಟ್ಟಿಗೆ ಮಾತ್ರ ಖಾಲಿ. ಆದ್ದರಿಂದ ಮೂರನ್ನೂ ಒಟ್ಟಿಗೆ ನೋಡಿ.

ಈ ಅಂಕಿಗಳು ಎಲ್ಲಿ ಸಿಗುತ್ತವೆ? ಷೇರುಪೇಟೆಯಲ್ಲಿರುವ ಕಂಪನಿಗಳ ವಾರ್ಷಿಕ ವರದಿ ಬಿಎಸ್‌ಇ, ಎನ್‌ಎಸ್‌ಇ ಜಾಲತಾಣಗಳಲ್ಲಿ ಉಚಿತ. ಉಳಿದ ಕಂಪನಿಗಳು ಸಲ್ಲಿಸಿದ ದಾಖಲೆಗಳನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಡಬಹುದು, ಕಂಪನಿಯೊಂದಕ್ಕೆ 100 ರೂಪಾಯಿ ಶುಲ್ಕ. ವರದಿಯಲ್ಲಿ ಬ್ಯಾಲೆನ್ಸ್ ಶೀಟ್, ಅಂದರೆ ಆಸ್ತಿ-ಹೊಣೆ ಪಟ್ಟಿ ತೆರೆಯಿರಿ. 2021ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ ಚಾಲ್ತಿ ಅನುಪಾತವನ್ನು ಕಂಪನಿಯೇ ಟಿಪ್ಪಣಿಗಳಲ್ಲಿ ಕೊಡಬೇಕು. ಹಿಂದಿನ ವರ್ಷಕ್ಕಿಂತ ಶೇ 25ಕ್ಕೂ ಹೆಚ್ಚು ಬದಲಾದರೆ ಕಾರಣವನ್ನೂ ಬರೆಯಬೇಕು. ಆ ಕಾರಣವನ್ನು ತಪ್ಪದೆ ಓದಿ. ಉದ್ರಿ ಎಷ್ಟು ಹಳೆಯದು ಎಂಬ ಪಟ್ಟಿಯೂ ಅದೇ ಟಿಪ್ಪಣಿಗಳಲ್ಲಿದೆ.