ಬ್ಯಾರನ್ ಬೆಂಕಿಗೆ ಬಿದ್ದ ಮರದ ಲೆಕ್ಕ

ಜುಲೈ ಕಳೆಯುವ ಹೊತ್ತಿಗೆ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ ಕಡೆಯ ಹಳ್ಳಿಗಳಲ್ಲಿ ತಂಬಾಕು ಹದ ಮಾಡುವ ಬ್ಯಾರನ್‌ಗಳಿಗೆ ಬೆಂಕಿ ಬೀಳುತ್ತದೆ. ಗಿಡದ ಬುಡದಿಂದ ಬಲಿತ ಎಲೆಯನ್ನು ಮುರಿದು ತಂದು, ಮನೆಮಂದಿಯೆಲ್ಲ ಕೂತು ಕಡ್ಡಿಗೆ ಕಟ್ಟಿ, ಎತ್ತರದ ಗೋಡೆಗಳ ಆ ಕೋಣೆಯೊಳಗೆ ಸಾಲುಸಾಲಾಗಿ ಏರಿಸುತ್ತಾರೆ. ಹೊರಗಿನ ಒಲೆಯಲ್ಲಿ ಉರಿಯುವ ಸೌದೆಯ ಶಾಖ ಲೋಹದ ಕೊಳವೆಗಳಲ್ಲಿ ಹರಿದು ಒಳಗಿನ ಗಾಳಿಯನ್ನು ಕಾಯಿಸುತ್ತದೆ. ಹೊಗೆ ಎಲೆಗೆ ತಾಗುವುದಿಲ್ಲ. ಎಲೆ ಹಳದಿಗೆ ತಿರುಗುವ ತನಕ ಹದವಾದ ಬಿಸಿ ಸಾಕು. ಆಮೇಲೆ ಹಂತಹಂತವಾಗಿ ಏರಿಸಿ, ದಂಟು ಒಣಗಲು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತರುತ್ತಾರೆ. ಐದಾರು ದಿನ, ಹಗಲೂ ರಾತ್ರಿ, ಯಾರಾದರೊಬ್ಬರು ಒಲೆ ಕಾಯಲೇಬೇಕು. ಉರಿ ಹೆಚ್ಚುಕಡಿಮೆಯಾದರೆ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ಬೆಲೆ ಬೀಳುತ್ತದೆ.

ಈ ಉರಿಗೆ ಬೇಕಾದ ಸೌದೆ ಎಷ್ಟು? ಹಳೆಯ ಮಾದರಿಯ ಬ್ಯಾರನ್‌ನಲ್ಲಿ ಒಂದು ಕೆಜಿ ಸೊಪ್ಪು ಹದವಾಗಲು ಸುಮಾರು ನಾಲ್ಕೈದು ಕೆಜಿ ಸೌದೆ ಸುಡಬೇಕು. ತಂಬಾಕು ಮಂಡಳಿಯ ಒಂದು ಪರವಾನಗಿಗೆ ಸಿಗುವ ಮಾರಾಟದ ಕೋಟಾ 1,700 ಕೆಜಿಯ ಆಸುಪಾಸು ಎಂದಿಟ್ಟುಕೊಂಡರೆ ಒಬ್ಬ ಸಣ್ಣ ಬೆಳೆಗಾರನಿಗೆ ಒಂದು ಹಂಗಾಮಿಗೆ ಏಳೆಂಟು ಟನ್ ಬೇಕಾಯಿತು. ಕರ್ನಾಟಕಕ್ಕೆ ಇತ್ತೀಚಿನ ಹಲವು ವರ್ಷಗಳಲ್ಲಿ ನಿಗದಿಯಾದ ಬೆಳೆ ಸುಮಾರು 10 ಕೋಟಿ ಕೆಜಿ. ಅಷ್ಟನ್ನೂ ಸೌದೆಯಲ್ಲೇ ಹದ ಮಾಡಿದರೆ ಒಂದೇ ವರ್ಷಕ್ಕೆ ನಾಲ್ಕು ಲಕ್ಷ ಟನ್ನಿಗೂ ಮಿಕ್ಕ ಮರ ಬೂದಿಯಾಗುತ್ತದೆ. ಈ ಬೆಳೆಯ ಬಹುಪಾಲು ಬರುವುದು ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ಸೀಮೆಯಿಂದ ಮತ್ತು ಪಕ್ಕದ ಅರಕಲಗೂಡಿನ ರಾಮನಾಥಪುರದ ಕಡೆಯಿಂದ. ನಾಗರಹೊಳೆ ಕಾಡಿನ ಅಂಚು ಇಲ್ಲಿಂದ ದೂರವೇನಿಲ್ಲ.

ಇಷ್ಟು ದೊಡ್ಡ ಬೆಂಕಿ ಇಲ್ಲಿ ಹೊತ್ತಿಕೊಂಡದ್ದು ಹೇಗೆ?

ಸಿಗರೇಟಿಗೆ ಬಳಸುವ ವರ್ಜೀನಿಯಾ ತಂಬಾಕು ದೇಶದಲ್ಲಿ ಮೊದಲು ನೆಲೆ ಕಂಡದ್ದು ಗುಂಟೂರು ಸೀಮೆಯ ಕರಿಮಣ್ಣಿನಲ್ಲಿ. ಮೈಸೂರಿನ ಪಶ್ಚಿಮ ತಾಲ್ಲೂಕುಗಳದ್ದು ಮರಳು ಬೆರೆತ ಹಗುರ ಕೆಂಪು ಮಣ್ಣು. ಏಪ್ರಿಲ್–ಮೇ ಮಳೆಗೆ ನಾಟಿ ಮಾಡಿದರೆ ನೀರಾವರಿಯ ಹಂಗಿಲ್ಲದೆ ಬೆಳೆ ಕೈಗೆ ಬರುತ್ತದೆ. ಅದು ಮುಗಿದ ಮೇಲೆ ಅದೇ ಹೊಲದಲ್ಲಿ ರಾಗಿಯನ್ನೂ ತೆಗೆಯಬಹುದು. 1957ರಲ್ಲಿ ಹುಣಸೂರಿನಲ್ಲಿ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆಯ ಕೇಂದ್ರ ಆರಂಭವಾದದ್ದು ಈ ಮಣ್ಣಿನ ಗುಣ ನೋಡಿಯೇ. ಹೊರದೇಶದ ಕೊಳ್ಳುವವರಿಗೂ ಇಲ್ಲಿನ ಎಲೆ ಹಿಡಿಸಿತು.

ಇನ್ನೊಂದು ಕಾರಣವನ್ನೂ ಸೇರಿಸಬೇಕು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ, ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರ ಹೊಲದ ಒಡೆಯನಾದ. ಎರಡು ಮೂರು ಎಕರೆ ಖುಷ್ಕಿ ಜಮೀನು ಇಟ್ಟುಕೊಂಡವನಿಗೆ ರಾಗಿ, ಅವರೆಯಿಂದ ಹೊಟ್ಟೆ ತುಂಬುತ್ತಿತ್ತು. ಮಗಳ ಮದುವೆಗೆ, ಮಗನ ಓದಿಗೆ ಬೇಕಾದ ನಗದು ಬರುತ್ತಿರಲಿಲ್ಲ. ಆ ನಗದನ್ನು ತಂಬಾಕು ತಂದುಕೊಟ್ಟಿತು. ಕೃಷ್ಣರಾಜನಗರದಲ್ಲಿ ನಾಲೆ ನೀರು ಹರಿಯುವ ಬಯಲೆಲ್ಲ ಭತ್ತವಾದರೆ, ನೀರು ಏರದ ಮೇಲಿನ ಹೊಲಗಳಲ್ಲಿ ಹೊಗೆಸೊಪ್ಪು ಉಳಿದುಕೊಂಡಿತು.

ಸಂಸತ್ತು 1975ರಲ್ಲಿ ತಂಬಾಕು ಮಂಡಳಿ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. 1976ರ ಜನವರಿ 1ರಂದು ಮಂಡಳಿ ಗುಂಟೂರಿನಲ್ಲಿ ಕಣ್ಣುಬಿಟ್ಟಿತು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಶುರುವಾಯಿತು. ವ್ಯಾಪಾರಿ ಹೇಳಿದ್ದೇ ಬೆಲೆ ಎಂಬ ಕಾಲ ಹೋಗಿ, ಪಿರಿಯಾಪಟ್ಟಣ, ಕಂಪಲಾಪುರ, ಚಿಲ್ಕುಂದ, ಕಟ್ಟೆಮಳಲವಾಡಿ, ಹೆಗ್ಗಡದೇವನಕೋಟೆಯಂಥ ಊರುಗಳ ಹರಾಜು ಮಾರುಕಟ್ಟೆಗಳಲ್ಲಿ ಸೊಪ್ಪಿನ ಬೇಲಿನ ಮುಂದೆ ಎಲ್ಲರೆದುರು ಬೆಲೆ ಕೂಗುವ ವ್ಯವಸ್ಥೆ ಬಂತು. ಬೆಳೆಗಾರರ ಪಾಲಿಗೆ ಇದು ದೊಡ್ಡ ರಕ್ಷಣೆ, ಅನುಮಾನವಿಲ್ಲ. ಜೊತೆಗೇ ಬಿಗಿ ನಿಯಮಗಳೂ ಬಂದವು: ಯಾರು ಬೆಳೆಯಬೇಕು, ಯಾವ ಬ್ಯಾರನ್‌ನಲ್ಲಿ ಹದ ಮಾಡಬೇಕು, ಎಷ್ಟು ಕೆಜಿ ಮಾರಬೇಕು. ಪರವಾನಗಿಯ ಮಿತಿ ಸೊಪ್ಪಿನ ತೂಕಕ್ಕೆ ಬಿತ್ತು. ಒಲೆಗೆ ತಳ್ಳುವ ಸೌದೆಯ ತೂಕಕ್ಕೆ ಅಂಥ ಮಿತಿ ಬೀಳಲಿಲ್ಲ.

ಮರದ ಲೆಕ್ಕವನ್ನು ಬೇರೆ ಕಾನೂನುಗಳು ನೋಡಿಕೊಂಡವು. ಮಂಡಳಿ ಹುಟ್ಟಿದ ವರ್ಷವೇ, 1976ರಲ್ಲಿ, ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದು, ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕಾಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಕಾಡಿನ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡುವುದಕ್ಕೆ ತಡೆ ಹಾಕಿತು. ಅದೇ ದಶಕದಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ನಂತರ ಇಡೀ ದೇಶದಲ್ಲಿ ಕಾಡಿನ ಮರಕ್ಕೆ ಕೊಡಲಿ ಹಾಕುವುದು ಕಠಿಣವಾಯಿತು. ಬ್ಯಾರನ್‌ಗಳ ಹಸಿವು ಮಾತ್ರ ತಗ್ಗಲಿಲ್ಲ. ಸೌದೆ ಲಾರಿಗಳು ಹೊಲದ ಬದುಗಳತ್ತ, ಕೊಡಗಿನ ಕಾಫಿ ತೋಟಗಳತ್ತ, ನೀಲಗಿರಿ ನೆಡುತೋಪುಗಳತ್ತ ತಿರುಗಿದವು. ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಕಡಿಯಲು 1976ರ ಕಾಯ್ದೆಯಲ್ಲೇ ವಿನಾಯಿತಿ ಇತ್ತು. ಹೀಗಾಗಿ ಬದುವಿನಲ್ಲಿ ಏನು ನೆಡಬೇಕೆಂಬ ತೀರ್ಮಾನದಲ್ಲಿ ಕಾನೂನಿಗೂ ಬ್ಯಾರನ್ನಿಗೂ ಸಮಪಾಲು ಸಿಕ್ಕಿತು. ಮಾವು, ಹಲಸು, ಹೊಂಗೆಯ ಬದಲು ಬೇಗ ಬೆಳೆದು ಬೇಗ ಕಡಿಯಲಾಗುವ ಮರಗಳು ಸಾಲುಗಟ್ಟಿದವು. 2017ರಲ್ಲಿ ರಾಜ್ಯ ಸರ್ಕಾರ ಅಂತರ್ಜಲದ ಕಾರಣ ಹೇಳಿ ನೀಲಗಿರಿ ನೆಡುವುದಕ್ಕೂ ನಿಷೇಧ ಹಾಕಿತು.

ಒಂದೊಂದು ನಿಯಮವನ್ನೂ ಬಿಡಿಯಾಗಿ ನೋಡಿದರೆ ಸರಿಯಾದದ್ದೇ. ಎಲ್ಲವೂ ಕೂಡಿ ಬಿದ್ದ ಭಾರ ಎಲ್ಲಿಗೆ ಹೋಯಿತು ಎಂದು ಹುಡುಕಿದರೆ ಸಿಗುವುದು ಬೆಳೆಗಾರನ ಸೌದೆ ಖರ್ಚಿನಲ್ಲಿ. ಗೊಬ್ಬರ, ಆಳಿನ ಕೂಲಿಯ ಜೊತೆಗೆ ಸೌದೆಯೂ ಸಾಲ ಮಾಡಿ ಕೊಳ್ಳುವ ಸಾಮಾನಾಯಿತು.

ಈ ನಡುವೆ ತಂಬಾಕಿನ ವಾದ ಹಳ್ಳಿಯಿಂದ ದೆಹಲಿಗೂ ಅಲ್ಲಿಂದ ಜಿನೀವಾಗೂ ಹೋಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರ ಫೆಬ್ರುವರಿಯಲ್ಲಿ ಅನುಮೋದಿಸಿತು. ಅದರ 17ನೇ ವಿಧಿ ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕು ಎನ್ನುತ್ತದೆ. 18ನೇ ವಿಧಿ ಪರಿಸರವನ್ನೂ ಬೆಳೆಗಾರರ ಆರೋಗ್ಯವನ್ನೂ ಕಾಪಾಡಬೇಕು ಎನ್ನುತ್ತದೆ. 2022ರಲ್ಲಿ ಅದೇ ಸಂಸ್ಥೆ ತಂಬಾಕು ರಹಿತ ದಿನವನ್ನು ಪರಿಸರಕ್ಕೆ ಮೀಸಲಿಟ್ಟು, ಜಗತ್ತಿನಲ್ಲಿ ಈ ಉದ್ಯಮಕ್ಕಾಗಿ ವರ್ಷಕ್ಕೆ ಸುಮಾರು 60 ಕೋಟಿ ಮರ ಉರುಳುತ್ತಿವೆ ಎಂದು ಹೇಳಿತು.

ಒಪ್ಪಂದಕ್ಕೆ ಸಹಿ ಹಾಕಿದ ಸರ್ಕಾರದೊಳಗೇ ಎರಡು ಮನಸ್ಸು. ಆರೋಗ್ಯ ಸಚಿವಾಲಯ ತಂಬಾಕು ಕಡಿಮೆಯಾಗಬೇಕು ಎನ್ನುತ್ತದೆ. ತಂಬಾಕು ಮಂಡಳಿ ಇರುವುದು ರಫ್ತು ಬೆಳೆಸಬೇಕಾದ ವಾಣಿಜ್ಯ ಸಚಿವಾಲಯದ ಕೆಳಗೆ. ಸಿಗರೇಟ್ ಪ್ಯಾಕಿನ ಶೇ 85 ಭಾಗದಲ್ಲಿ ಎಚ್ಚರಿಕೆ ಚಿತ್ರ ಇರಬೇಕೆಂಬ ನಿಯಮ 2016ರ ಏಪ್ರಿಲ್‌ನಲ್ಲಿ ಜಾರಿಯಾದಾಗ, ಇದರಿಂದ ಕಳ್ಳಸಾಗಣೆಯ ವಿದೇಶಿ ಸಿಗರೇಟಿಗೆ ಲಾಭ, ನಮ್ಮ ಎಲೆಗೆ ನಷ್ಟ ಎಂದು ಬೆಳೆಗಾರರ ಸಂಘಟನೆಗಳು ವಾದಿಸಿದವು. ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರ್‌ನಲ್ಲಿ ಆ ನಿಯಮವನ್ನು ರದ್ದು ಮಾಡಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. 2016ರ ನವೆಂಬರ್‌ನಲ್ಲಿ ಒಪ್ಪಂದದ ದೇಶಗಳೆಲ್ಲ ಗ್ರೇಟರ್ ನೊಯ್ಡಾದಲ್ಲಿ ಸಭೆ ಸೇರಿದಾಗ ತಂಬಾಕು ರೈತರು ಹೊರಗೆ ನಿಂತು ಪ್ರತಿಭಟಿಸಿದರು. ಅವರ ಬದುಕಿನ ಬಗ್ಗೆ ಮಾತು ನಡೆಯುವಾಗ ಅವರನ್ನು ಒಳಗೆ ಕೂರಿಸಿಕೊಳ್ಳದೇ ಹೋದದ್ದು ತಪ್ಪು.

ಮೈಸೂರಿನ ರಾಜಕಾರಣವಂತೂ ಬೇಡಿಕೆಯ ಒಂದೇ ಜಾಡು ಹಿಡಿದಿದೆ. ಕೋಟಾ ಹೆಚ್ಚಿಸಿ, ಹೆಚ್ಚುವರಿ ಸೊಪ್ಪಿನ ದಂಡ ಮನ್ನಾ ಮಾಡಿ, ಹರಾಜಿನ ಬೆಲೆ ಬೀಳದಂತೆ ನೋಡಿ. ಯಾವ ಪಕ್ಷದವರೇ ಗೆಲ್ಲಲಿ, ಕೇಂದ್ರಕ್ಕೆ ಒಯ್ಯುವ ಮನವಿಯ ಒಕ್ಕಣೆ ಬದಲಾಗುವುದಿಲ್ಲ. ಮಳೆ ಬೆಳೆ ಕೆಡಿಸಿದ ವರ್ಷಗಳಲ್ಲಿ ದಂಡ ಮನ್ನಾ ಆಗಿದೆ. 2025ರಲ್ಲಿ ನೋಂದಣಿ ಮತ್ತು ಬ್ಯಾರನ್ ಪರವಾನಗಿಯ ಅವಧಿ ಒಂದು ವರ್ಷದಿಂದ ಮೂರು ವರ್ಷಕ್ಕೆ ಏರಿತು. ವರ್ಷವರ್ಷವೂ ನವೀಕರಣಕ್ಕೆ ಅಲೆಯುವುದು ತಪ್ಪಿದ್ದು ಒಳ್ಳೆಯದೇ ಆಯಿತು. ಆದರೆ ಈ ಎಲ್ಲ ಮನವಿಗಳಲ್ಲಿ ಒಲೆಯ ವಿಷಯ ಮುಂದಿನ ಸಾಲಿಗೆ ಬರಲೇ ಇಲ್ಲ.

ದಾರಿಗಳು ಇಲ್ಲವೆಂದಲ್ಲ. ಬ್ಯಾರನ್ನಿನ ಚಾವಣಿಯಿಂದ ಶಾಖ ಸೋರದಂತೆ ತಡೆದರೆ, ಒಲೆಯ ಕಟ್ಟಡ ಸುಧಾರಿಸಿದರೆ ಸೌದೆ ಉಳಿಯುತ್ತದೆ. ಪಿರಿಯಾಪಟ್ಟಣದ ಗಡಿ ದಾಟಿದರೆ ಸಿಗುವ ಕುಶಾಲನಗರದ ಕಾಫಿ ಕ್ಯೂರಿಂಗ್ ಘಟಕಗಳಲ್ಲಿ ಹೊಟ್ಟು ರಾಶಿ ಬೀಳುತ್ತದೆ. ಅದನ್ನೂ ಬ್ಯಾರನ್‌ಗೆ ಉರಿಸಬಹುದು. ಮಂಡಳಿಯೂ ಕಂಪನಿಗಳೂ ಸಸಿ ಹಂಚಿವೆ. ಆದರೆ ಸಸಿ ಮರವಾಗಲು ವರ್ಷಗಳು ಬೇಕು, ಒಲೆಗೆ ಸೌದೆ ಬೇಕಾದದ್ದು ಈ ಹಂಗಾಮಿಗೆ. ಒಲೆ, ಚಾವಣಿ ಬದಲಿಸಲು ಬೇಕಾದ ಹಣ ಎರಡೆಕರೆಯವನ ಕೈಯಲ್ಲಿ ಇರುವುದಿಲ್ಲ.

ತಂಬಾಕನ್ನೇ ಬಿಡಿ ಎನ್ನುವವರು ಬದಲಿಗೆ ಏನು ಎಂಬ ಪ್ರಶ್ನೆಗೆ ಹೊಣೆಯಿಂದ ಉತ್ತರಿಸಬೇಕು. ಹೆಗ್ಗಡದೇವನಕೋಟೆ, ಹುಣಸೂರು ಕಡೆ ಹಲವರು ಶುಂಠಿಗೆ ತಿರುಗಿದ್ದಾರೆ, ಕೆಲವರು ಮುಸುಕಿನ ಜೋಳ, ಹತ್ತಿಗೆ. ಶುಂಠಿಗೆ ನೀರೂ ಔಷಧವೂ ಧಾರಾಳ ಬೇಕು, ಬೆಲೆಯೋ ಒಂದು ವರ್ಷ ಆಕಾಶದಲ್ಲಿ, ಮರುವರ್ಷ ಪಾತಾಳದಲ್ಲಿ. ಈ ಬದಲಿ ಬೆಳೆಗಳಿಗೆ ತಂಬಾಕಿನಂತೆ ಮಂಡಳಿಯ ಹರಾಜು ಕಟ್ಟೆ ಇಲ್ಲ. 17ನೇ ವಿಧಿಗೆ ಸಹಿ ಹಾಕಿ ಎರಡು ದಶಕ ಕಳೆದರೂ, ಬಿಟ್ಟು ಬರುವ ಬೆಳೆಗಾರನಿಗೆ ಅಷ್ಟೇ ನಂಬಿಕೆಯ ಮಾರುಕಟ್ಟೆಯನ್ನು ಸರ್ಕಾರ ಕಟ್ಟಿಕೊಟ್ಟಿಲ್ಲ.

ಪರಿಸರ ನಿಯಮ ಬಿಗಿಯಾದರೆ ರೈತ ಹಾಳಾಗುತ್ತಾನೆ, ಸಡಿಲವಾದರೆ ಕಾಡು ಹಾಳಾಗುತ್ತದೆ ಎಂಬ ಜಗಳ ಹುಟ್ಟಿದ್ದೇ ಖರ್ಚನ್ನು ಯಾರ ಹೆಸರಿಗೆ ಬರೆಯಬೇಕೆಂದು ಯಾರೂ ತೀರ್ಮಾನಿಸದ ಕಾರಣಕ್ಕೆ. ತಂಬಾಕಿನಿಂದ ತೆರಿಗೆ ಎತ್ತುವುದು ಸರ್ಕಾರ. ಲಾಭ ಎಣಿಸುವುದು ಕಂಪನಿಗಳು ಮತ್ತು ರಫ್ತುದಾರರು. ಸುಟ್ಟ ಮರದ ಬೆಲೆಯನ್ನು ಕೊಡಬೇಕಾದವರೂ ಅವರೇ. ಮಾರಾಟವಾಗುವ ಪ್ರತಿ ಬೇಲಿನ ಲೆಕ್ಕವೂ ಹರಾಜು ಮಾರುಕಟ್ಟೆಯಲ್ಲಿದೆ. ಆ ಲೆಕ್ಕದ ಮೇಲೆ ಕೊಳ್ಳುವವರಿಂದ ಕೆಜಿಗೆ ಇಷ್ಟು ಎಂದು ವಸೂಲು ಮಾಡಿ, ಆ ಹಣದಲ್ಲಿ ಒಲೆ, ಚಾವಣಿಗಳನ್ನು ಬದಲಿಸಿಕೊಡಲಿ. ಬೆಳೆ ಬಿಡಲು ಬಯಸುವವರಿಗೆ ಮೊದಲ ಕೆಲವು ವರ್ಷ ಆಸರೆಯಾಗಲಿ. ಮೈಸೂರು ಜಿಲ್ಲೆಯ ಸಂಸದರು, ಶಾಸಕರು ಮುಂದಿನ ಹಂಗಾಮಿಗೆ ದೆಹಲಿಗೆ ಒಯ್ಯುವ ಮನವಿಯಲ್ಲಿ ಕೋಟಾದ ಬೇಡಿಕೆಗಿಂತ ಮೊದಲು ಇದನ್ನು ಬರೆಯಬೇಕು.