ಕೂದಲು ಮಾರನ್‌ನ ಕುಲಪರೀಕ್ಷೆ

ನಮ್ಮ ಹಳ್ಳಕೊಳ್ಳಗಳಲ್ಲಿ ಏಡಿಯುಂಟು, ಸಿಗಡಿಯುಂಟು. ಆದರೆ ಸಿಗಡಿಯ ನೀಳವಾದ ಒಡಲನ್ನೂ ಏಡಿಯ ಇಕ್ಕಳದಂಥ ಮುಂಗಾಲುಗಳನ್ನೂ ಒಂದುಗೂಡಿಸಿದಂತಿರುವ ಕ್ರೇಫಿಶ್ ಎಂಬ ಪ್ರಾಣಿ ಭಾರತದ ಸಹಜ ನಿವಾಸಿಯಲ್ಲ. ಅಮೆರಿಕ, ಯೂರೋಪು, ಆಸ್ಟ್ರೇಲಿಯ ಮೊದಲಾದೆಡೆಯ ಸಿಹಿನೀರಿನಲ್ಲಿ ಇದರ ಆರುನೂರಕ್ಕೂ ಮಿಕ್ಕ ಪ್ರಭೇದಗಳಿವೆ. ಅವುಗಳಲ್ಲಿ 590ನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಶೇಕಡಾ 32ರಷ್ಟು ಅಳಿವಿನ ಭೀತಿಗೊಳಗಾಗಿವೆ.

ಆಸ್ಟ್ರೇಲಿಯದ ನೈರುತ್ಯ ಮೂಲೆಯಲ್ಲಿ ಮಾರ್ಗರೆಟ್ ಎಂಬ ಕಿರುಹೊಳೆಯೊಂದು ಹರಿದು ಹಿಂದೂ ಮಹಾಸಾಗರವನ್ನು ಸೇರುತ್ತದೆ. ಆ ಸೀಮೆಯ ದೊಡ್ಡ ಕ್ರೇಫಿಶ್‌ಗೆ ಮಾರನ್ ಎಂದು ಹೆಸರು; ರುಚಿಗೆ ಪ್ರಸಿದ್ಧವಾದ ಪ್ರಾಣಿ. ಮಾರ್ಗರೆಟ್ ಹೊಳೆಯ ಮಾರನ್‌ಗೆ ಬೆನ್ನಿನ ಚಿಪ್ಪಿನ ಮೇಲೆ ನವುರಾದ ಕೂದಲು. ಸುತ್ತಲಿನ ಹೊಳೆಗಳ ಮಾರನ್‌ಗೆ ನುಣುಪು ಬೆನ್ನು. ಬಹುಕಾಲ ಎರಡನ್ನೂ ಒಂದೇ ಪ್ರಭೇದವೆಂದು ಎಣಿಸಿದ್ದರು. 1980ರ ದಶಕದಲ್ಲಿ ನುಣುಪು ಮಾರನ್ ಮನುಷ್ಯರ ಮೂಲಕ ಈ ಹೊಳೆಗೂ ಬಂದು ಸೇರಿತು. ಬಂದ ನೆಂಟ ಮನೆಯೊಡೆಯನಾದಂತೆ, ಕೆಲವೇ ವರ್ಷಗಳಲ್ಲಿ ಹೊಳೆಯ ಕೆಳಭಾಗವೆಲ್ಲ ಅದರ ವಶವಾಯಿತು.

ಹಾಗಾದರೆ ಕೂದಲಿನ ವ್ಯತ್ಯಾಸ ಬರಿಯ ತೊಡಿಗೆಯೋ, ಕುಲದ ಕುರುಹೋ? ಆಸ್ಟಿನ್ ಮತ್ತು ರಯಾನ್ ಎಂಬ ವಿಜ್ಞಾನಿಗಳು ಎರಡರ ಅಂಗಾಂಶದ ಸಾರವನ್ನು ವಿದ್ಯುತ್ತಿನ ಸೆಳೆತಕ್ಕೆ ಒಡ್ಡಿದರು. ಪ್ರೋಟೀನಿನ ರಚನೆ ಬೇರೆಯಾದರೆ ಅದು ಚಲಿಸುವ ದೂರವೂ ಬೇರೆ. ಪ್ರೋಟೀನಿನ ರಚನೆಯನ್ನು ನಿರ್ಣಯಿಸುವುದು ವಂಶವಾಹಿ. ಹೀಗೆ ಎರಡೂ ಪ್ರತ್ಯೇಕ ಪ್ರಭೇದಗಳೆಂದು ಅವರು 2002ರಲ್ಲಿ ಸಾರಿದರು. 1912ರಲ್ಲಿ ಮೊದಲು ಶಾಸ್ತ್ರೀಯ ನಾಮಕರಣವಾದದ್ದು ಮಾರ್ಗರೆಟ್ ಹೊಳೆಯ ಪ್ರಾಣಿಗೆ. ಆದುದರಿಂದ ಚೆರಾಕ್ಸ್ ಟೆನ್ಯುಯಿಮಾನಸ್ ಎಂಬ ಹಳೆಯ ಹೆಸರು ಕೂದಲು ಮಾರನ್‌ಗೇ ಉಳಿಯಿತು. ಎಲ್ಲೆಡೆ ಹಬ್ಬಿದ್ದ ನುಣುಪು ಮಾರನ್ ಚೆರಾಕ್ಸ್ ಕೈನಿಯೈ ಎಂಬ ಹೊಸ ಹೆಸರು ಪಡೆಯಿತು.

ಹೆಸರು ಉಳಿಯಿತು, ಹೆಸರಿನ ಒಡೆಯನಿಗೆ ಮಾತ್ರ ಕೇಡು ಒದಗಿತ್ತು. ಎರಡೂ ಕೂಡಿ ಮಿಶ್ರಸಂತಾನ ಹುಟ್ಟುತ್ತಿತ್ತು. ಆ ಸಂತಾನಕ್ಕೂ ಮರಿಗಳಾಗುತ್ತಿದ್ದುವು. ಬೇಟೆಯಿಲ್ಲದೆ, ಬರವಿಲ್ಲದೆ, ಬೆರಕೆಯಿಂದಲೇ ಒಂದು ಪ್ರಭೇದ ಕರಗಿಹೋಗುವ ಸ್ಥಿತಿ! ಅದನ್ನುಳಿಸಲು ಶುದ್ಧ ಕೂದಲು ಮಾರನ್‌ಗಳನ್ನು ಆರಿಸಿ ಬೇರೆಡೆ ಸಾಕಿ ಮರಿಮಾಡಿಸಬೇಕು. ಆದರೆ ಬೆರಕೆಯ ಪ್ರಾಣಿಯನ್ನು ಬರಿಗಣ್ಣಿನಿಂದ ನಿಶ್ಚಯವಾಗಿ ಗುರುತಿಸಲಾಗದು. ಇಲ್ಲಿ ಡಿ.ಎನ್.ಎ. ನೆರವಾಗುತ್ತದೆ. ಕಾಲಿನ ಒಂದು ತುಣುಕು ಸಾಕು; ಪ್ರಾಣಿ ಪೊರೆಬಿಟ್ಟಂತೆ ಅದು ಮರಳಿ ಬೆಳೆಯುವುದು. ಜೀವಕೋಶದ ಮೈಟೋಕಾಂಡ್ರಿಯದಲ್ಲಿರುವ ಡಿ.ಎನ್.ಎ. ತಾಯಿಯ ಕಡೆಯ ವಂಶವನ್ನಷ್ಟೇ ಹೇಳುತ್ತದೆ. ತಂದೆಯ ಗುಟ್ಟು ತಿಳಿಯಲು ಕೋಶಕೇಂದ್ರದ ಡಿ.ಎನ್.ಎ.ಯನ್ನೂ ಓದಬೇಕು. ಎರಡೂ ಸಾಕ್ಷ್ಯ ಕೂಡಿದಾಗಲೇ ತೀರ್ಪು.

ಮನುಷ್ಯರಲ್ಲಿ ಕುಲಗೋತ್ರದ ಗೋಜು ಕಡಮೆಯಾದಷ್ಟೂ ಲೇಸು. ನಾವೆಲ್ಲ ಒಂದೇ ಪ್ರಭೇದ. ಇಲ್ಲಿಯ ಮಾತು ಬೇರೆ. ಈ ಒಂದು ಹೊಳೆಯಲ್ಲಲ್ಲದೆ ಜಗತ್ತಿನ ಇನ್ನಾವ ನೀರಿನಲ್ಲೂ ಕೂದಲು ಮಾರನ್ ಸಹಜವಾಗಿ ಹುಟ್ಟಿದ್ದಿಲ್ಲ. ಪ್ರಯೋಗಶಾಲೆ ಅದರ ಗುರುತು ಹಿಡಿದುಕೊಟ್ಟೀತು. ಹೊಳೆಯನ್ನು ಮೊದಲಿನಂತೆ ಮಾಡಿಕೊಡಲಾರದು. ಒಂದು ನೀರಿನ ಜೀವಿಯನ್ನು ಇನ್ನೊಂದು ನೀರಿಗೆ ಬಿಡುವ ಮೊದಲು ಅಲ್ಲಿ ಯಾರ ಮನೆಯಿದೆ ಎಂದು ವಿಚಾರಿಸುವುದು ಎಲ್ಲ ದೇಶದವರಿಗೂ ಒಪ್ಪುವ ವಿವೇಕ.